ಮಷೀನ್ ರೂಮಿನ ಮಡಿ

ಕರ್‌ರ್‌ರ್… ಅಂತ ಒಂದು ಸಣ್ಣ ಸದ್ದು. ಸ್ಟೀಲ್ ತಾಟಿನ ಮೇಲೆ ಯಾರೋ ಸೂಜಿಯಿಂದ ಗೀಚಿದ ಹಾಗೆ.

ಹೋದ ವಾರ ಹಾನಗಲ್ಲಿನ ನಮ್ಮ ಅಡಿಗೆಮನೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡುತ್ತಿದ್ದೆ. ಹಸನು ಮಾಡಿದ್ದರೂ ಒಂದು ಹರಳು ಉಳಿದಿತ್ತು ಅಂತ ಕಾಣುತ್ತದೆ, ಮಿಕ್ಸರಿನ ಒಳಗಿನಿಂದ ಆ ಸದ್ದು ಬಂತು. ಸ್ವಿಚ್ ಆಫ್ ಮಾಡಿದೆ. ಮಾಡಿದ ಮೇಲೂ ಬೆರಳು ಸ್ವಿಚ್ ಬಿಡಲಿಲ್ಲ. ಎಪ್ಪತ್ತು ದಾಟಿದವಳು ಒಂದು ಹರಳಿಗೆ ಹೀಗೆ ಹೆದರಿ ನಿಂತದ್ದನ್ನು ನೋಡಿದ್ದರೆ ಯಾರಾದರೂ ನಗುತ್ತಿದ್ದರು. ಆದರೆ ಆ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ, ನನಗೆ ಇಪ್ಪತ್ತಾರು ವರ್ಷವಿದ್ದಾಗ. ಆ ಸದ್ದಿನ ಬೆನ್ನಿಗೇ ಒಬ್ಬರು ನೆನಪಾಗುತ್ತಾರೆ…

ಅವರನ್ನು ನಾವೆಲ್ಲ ಚೀಫ್ ಅನ್ನುತ್ತಿದ್ದೆವು. ಚೀಫ್ ಆಪರೇಟರ್. ಹಿರೇಕೆರೂರು ತಾಲೂಕಿನ ಮಾಸೂರಿನ ಕಡೆಯವರು. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಅವರ ಅಪ್ಪ, ಅವ್ವ ಬೇರೆಯವರ ನೆಲದಲ್ಲಿ ದುಡಿದು ಅವರನ್ನು ಓದಿಸಿದ್ದರು. ಮನೆಯವರೆಲ್ಲ ಬೌದ್ಧರು, ಪೂಜೆ ಪುನಸ್ಕಾರದ ಗೊಡವೆ ಅವರಿಗಿರಲಿಲ್ಲ. ತೆಳ್ಳಗಿನ ಮನುಷ್ಯ, ಮೆಲ್ಲಗಿನ ಮಾತು. ಮೈಯಿಂದ ಯಾವಾಗಲೂ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು, ದವಾಖಾನೆಯ ಕಂಪೌಂಡರಿಗೆ ಬರುವ ಹಾಗೆ.

ನಾನು ಹಾನಗಲ್ಲಿನ ಆಚಾರ್ಯರ ಮನೆತನದವಳು. ಓದಿದ್ದು ಮಾತ್ರ ಕಾನ್ವೆಂಟಿನಲ್ಲಿ, ಸಿಸ್ಟರುಗಳ ಕೈಯಲ್ಲಿ. ಅಪ್ಪ ತೀರಿಕೊಂಡ ಮೇಲೆ ನೌಕರಿಗೆ ಹೋಗುತ್ತೇನೆ ಅಂತ ಹಟ ಹಿಡಿದಾಗ ಅವ್ವ ಒಂದು ಕಂಡೀಷನ್ ಹಾಕಿ ಕಳಿಸಿದ್ದಳು. ನನ್ನ ಮೇಲೆ ಆಫೀಸಿನಿಂದ ಒಂದೇ ಒಂದು ಕಂಪ್ಲೇಂಟ್ ಬಂದರೂ ಅವತ್ತೇ ಗಂಟು ಕಟ್ಟಿಕೊಂಡು ವಾಪಸ್ ಬರಬೇಕು, ಆಮೇಲೆ ಹೊಸಿಲು ದಾಟುವ ಮಾತು ಆಡಬಾರದು. ಅವ್ವ ಸುಮ್ಮನೆ ಹೆದರಿಸುವವಳಲ್ಲ. ಹೇಳಿದ್ದನ್ನು ಮಾಡುವವಳು.

ಆ ಮಷೀನ್ ರೂಮಿನ ಬಗ್ಗೆ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮದುವೆಯ ಹಾಲಿನಷ್ಟು ದೊಡ್ಡದು, ಬೇಸಿಗೆಯಲ್ಲೂ ಸ್ವೆಟರ್ ಬೇಕು ಅನ್ನುವಷ್ಟು ತಂಪು. ಗೋಡೆಗೆ ಸಾಲಾಗಿ ಮೂರು ಡಿಸ್ಕ್ ಡ್ರೈವುಗಳು, ಒಂದೊಂದೂ ಬಟ್ಟೆ ಒಗೆಯುವ ಮಷೀನಿನ ಗಾತ್ರ. ಅದರೊಳಗೆ ಇಳಿಸುವುದಕ್ಕೆ ಡಿಸ್ಕ್ ಪ್ಯಾಕುಗಳು, ತಾಟುಗಳನ್ನು ಒಂದರ ಮೇಲೊಂದು ಪೋಣಿಸಿದ ಹಾಗೆ, ಮೇಲೆ ಕೇಕಿಗೆ ಮುಚ್ಚುವಂಥ ಪ್ಲಾಸ್ಟಿಕ್ ಕವರ್. ಒಂದು ಪ್ಯಾಕಿಗೆ ಒಂದು ವಾಲ್ಯೂಮ್ ಅನ್ನುತ್ತಿದ್ದೆವು. ಆ ತಾಟುಗಳು ಗರಗರ ತಿರುಗುವಾಗ ಅವುಗಳನ್ನು ಓದುವ ಹೆಡ್ಡುಗಳು ಮುಟ್ಟಿಯೂ ಮುಟ್ಟದ ಹಾಗೆ ಮೇಲೆ ತೇಲುತ್ತಿರುತ್ತವೆ. ನಡುವಿನ ಸಂದು ತಲೆಗೂದಲಿಗಿಂತಲೂ ತೆಳ್ಳಗೆ. ಅಲ್ಲಿ ಊದುಬತ್ತಿಯ ಹೊಗೆಯ ಒಂದು ಕಣ ಸಿಕ್ಕರೂ ಸಾಕು, ಹೆಡ್ಡು ಎಡವಿ ತಾಟಿನ ಮೇಲೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಬರೆದದ್ದೆಲ್ಲ ಕೆರೆದುಹೋಗುತ್ತದೆ.

ಅದಕ್ಕೇ ಚೀಫ್ ಅವರ ನಿಯಮಗಳು. ಚಪ್ಪಲಿ ಬಾಗಿಲ ಹೊರಗೆ. ಒಳಗೆ ಓಡಾಡಲು ಬೇರೆ ಕ್ಯಾನ್ವಾಸ್ ಶೂ. ತಲೆಗೆ ಎಣ್ಣೆ ಹಚ್ಚಿ ಬರಬಾರದು, ಮುಖಕ್ಕೆ ಪೌಡರ್ ಬೇಡ, ಹೂವು ಮುಡಿದಿದ್ದರೆ ಬಾಗಿಲಲ್ಲೇ ತೆಗೆದಿಡಬೇಕು, ಹಣೆಗೆ ಅಂಟಿಸುವ ಟಿಕಳಿ ನಡೆಯುತ್ತದೆ, ಕುಂಕುಮ ನಡೆಯುವುದಿಲ್ಲ. ನಾನು ಅಜ್ಜಿಯ ಮಡಿ ನೋಡಿ ಬೆಳೆದವಳು. ಒದ್ದೆ ಸೀರೆ, ಮುಟ್ಟಬೇಡ, ದೂರ ನಿಲ್ಲು… ಚೀಫ್ ಅವರ ಮಡಿ ಅದಕ್ಕಿಂತ ಕಟ್ಟುನಿಟ್ಟು. ಒಂದೇ ವ್ಯತ್ಯಾಸ. ಅವರ ಮಡಿಯಲ್ಲಿ ಮನುಷ್ಯ ಯಾವ ಪೈಕಿ ಅಂತ ಯಾರೂ ಕೇಳುತ್ತಿರಲಿಲ್ಲ. ಕೈಕಾಲು ತೊಳೆದವರೆಲ್ಲ ಒಳಗೆ.

ಆ ವರ್ಷ ಏಳನೆಯ ಇಯತ್ತೆಯ ಪಬ್ಲಿಕ್ ಪರೀಕ್ಷೆಯ ಕೆಲಸ ನಮ್ಮ ಸೆಂಟರಿಗೆ ಬಂದಿತ್ತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಮಕ್ಕಳ ಮಾರ್ಕ್ಸ್ ಎಲ್ಲಾ ಒಂದೇ ಪ್ಯಾಕಿನಲ್ಲಿ. ಚೀಫ್ ಅದರ ಮೇಲೆ ‘ನಾಲ್ಕೂರು’ ಅಂತ ಚೀಟಿ ಅಂಟಿಸಿದ್ದರು. ಮಾರ್ಕ್ಸ್ ಪಟ್ಟಿಗಳನ್ನು ಮಷೀನಿಗೆ ಏರಿಸಿದ ಮೇಲೆ ಮೂಲ ಕಾಗದಗಳನ್ನು ಅವತ್ತೇ ಚೀಲ ಕಟ್ಟಿ ಬೆಂಗಳೂರಿಗೆ ಕಳಿಸಿಬಿಡುತ್ತಿದ್ದರು, ತಿರುಗಿ ತರಿಸಬೇಕೆಂದರೆ ತಿಂಗಳುಗಟ್ಟಲೆ. ಹಾಗಾಗಿ ಪ್ಯಾಕಿನಲ್ಲಿ ಇದ್ದದ್ದೇ ಇದ್ದದ್ದು. ಪ್ರಿಂಟ್ ಆಗುವ ದಿನ ಯಾವ ಮಗುವಿನ ರೆಕಾರ್ಡ್ ಇರುವುದಿಲ್ಲವೋ ಅದರ ಮುಂದೆ ಮಷೀನು ತಾನಾಗೇ ‘ಗೈರುಹಾಜರಿ’ ಅಂತ ಹೊಡೆಯುತ್ತದೆ. ಗೈರುಹಾಜರಿ ಅಂದರೆ ನಾಪಾಸು. ಏಳನೆಯದರಲ್ಲಿ ನಾಪಾಸಾದ ಹುಡುಗಿಯನ್ನು ನಮ್ಮ ಕಡೆ ಮತ್ತೆ ಸಾಲಿಗೆ ಕಳಿಸುವವರು ಎಷ್ಟು ಜನ?

ಒಂದು ಗುರುವಾರ ಚೀಫ್ ರಜೆ ಹಾಕಿ ಊರಿಗೆ ಹೋದರು. ದಿನಾ ಸಂಜೆ ನಾಲ್ಕೂರಿನ ಒಂದು ಕಾಪಿ ಬೇರೆ ಪ್ಯಾಕಿಗೆ ಇಳಿಸಲು ಹೇಳಿ ಹೋಗಿದ್ದರು. ಬ್ಯಾಕಪ್. ಶುಕ್ರವಾರ ಕೆಲಸ ಬಹಳವಿತ್ತು, ನಾಳೆ ಮಾಡಿದರಾಯಿತು ಅಂದುಕೊಂಡೆ. ಶನಿವಾರವೂ ಹಾಗೇ ಆಯಿತು.

ಸೋಮವಾರ ರಿಸಲ್ಟಿನ ಫೈನಲ್ ರನ್ ಶುರು ಮಾಡಬೇಕು. ಮಾರ್ಕ್ಸ್ ಟೈಪು ಮಾಡುವ ಪಂಚಿಂಗ್ ಸೆಕ್ಷನ್ನಿನ ಗುಮಾಸ್ತರೊಬ್ಬರು ನನ್ನನ್ನು ಕಾಡುವುದಕ್ಕೇ ಹುಟ್ಟಿದವರ ಹಾಗಿದ್ದರು. ನಮ್ಮ ಮೇಮ್‌ಸಾಬರು ಕಾನ್ವೆಂಟಿನವರು, ದೇವರು ಇಂಗ್ಲಿಷ್‌ನ್ಯಾಗ ಕರದ್ರ ಮಾತ್ರ ತಿರುಗಿ ನೋಡ್ತಾರ ಅಂತ ಶನಿವಾರ ಎಲ್ಲರೆದುರು ಅಂದಿದ್ದರು. ಅದು ಚುಚ್ಚಿತ್ತು, ರನ್ನಿಗೆ ಮೊದಲು ದೇವರನ್ನು ನೆನೆಯಲೇಬೇಕು ಅನ್ನಿಸಿತ್ತು. ಅವ್ವ ಕಳಿಸಿದ ಮಠದ ಕುಂಕುಮದ ಕರಡಿಗೆ ನನ್ನ ಬ್ಯಾಗಿನಲ್ಲಿತ್ತು. ಯಾರೂ ಬರುವ ಮೊದಲೇ ಬಂದೆ. ಡ್ರೈವಿನ ಮುಚ್ಚಳ ತೆಗೆದೆ. ಪ್ಯಾಕಿನ ನೆತ್ತಿಯ ಮೇಲೆ, ತಾಟುಗಳಿಗೆ ತಾಗದ ಹಾಗೆ ಅಂತಲೇ ಅಂದುಕೊಂಡು, ಉಂಗುರದ ಬೆರಳಿನಿಂದ ಒಂದು ಬೊಟ್ಟು ಇಟ್ಟೆ. ಕಣ್ಣು ಮುಚ್ಚಿ ಕೈ ಮುಗಿದೆ. ಸ್ಟಾರ್ಟ್ ಒತ್ತಿದೆ.

ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕರ್‌ರ್‌ರ್…

ನಿಲ್ಲಿಸಿದೆ. ಡ್ರೈವೇ ಕೆಟ್ಟಿರಬೇಕು, ಪ್ಯಾಕ್ ಸರಿಯಿದೆ ಅಂದುಕೊಂಡು ಪ್ಯಾಕನ್ನು ಎತ್ತಿ ಎರಡನೆಯ ಡ್ರೈವಿಗೆ ಹಾಕಿದೆ. ಅಲ್ಲಿಯೂ ಅದೇ ಸದ್ದು. ಹೆದರಿದ ಮನುಷ್ಯನಿಗೆ ಬುದ್ಧಿ ಇರುವುದಿಲ್ಲ ಅನ್ನುತ್ತಾರಲ್ಲ, ನನಗೆ ಬುದ್ಧಿ ಇತ್ತು, ಅದು ತಪ್ಪು ದಿಕ್ಕಿಗೆ ಓಡುತ್ತಿತ್ತು. ಹಾಗಾದರೆ ಪ್ಯಾಕೇ ಕೆಟ್ಟಿದೆ, ಬ್ಯಾಕಪ್ ಹಾಕೋಣ ಅಂತ ಕಪಾಟಿನಿಂದ ಬ್ಯಾಕಪ್ ಪ್ಯಾಕ್ ತಂದು ಮೊದಲನೆಯ ಡ್ರೈವಿನ ಮೇಲೆ ಹಿಡಿದೆ. ಇನ್ನೇನು ಇಳಿಸಬೇಕು.

“ತಡೀರಿ ಬಾಯಾರ. ಅದನ್ನ ಕೆಳಗ ಇಡ್ರಿ.”

ಚೀಫ್. ಮಾಸೂರಿನಿಂದ ಬೆಳಗಿನ ಬಸ್ಸಿಗೆ ಬಂದು ನೇರ ಆಫೀಸಿಗೆ ಬಂದಿದ್ದರು. ಸದ್ದು ಅವರಿಗೆ ಕಾರಿಡಾರಿನಲ್ಲೇ ಕೇಳಿತ್ತು. ಅವರು ಚಪ್ಪಲಿ ಬಿಡದೆ ಒಳಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೆಲದ ಮೇಲೆ ಕೆಮ್ಮಣ್ಣಿನ ಹೆಜ್ಜೆಗಳು ಮೂಡಿದ್ದವು.

ಗಾಯವಾದ ಹೆಡ್ಡಿನ ಕೆಳಗೆ ಒಳ್ಳೆಯ ಪ್ಯಾಕ್ ಇಟ್ಟರೆ ಅದೂ ಹೋಗುತ್ತದೆ. ಗಾಯವಾದ ಪ್ಯಾಕನ್ನು ಒಳ್ಳೆಯ ಡ್ರೈವಿಗೆ ಹಾಕಿದರೆ ಅದೂ ಹೋಗುತ್ತದೆ. ಅಂಟುರೋಗದ ಹಾಗೆ. ಅರ್ಧ ನಿಮಿಷ ತಡವಾಗಿದ್ದರೆ ಬ್ಯಾಕಪ್ಪೂ ಉಳಿಯುತ್ತಿರಲಿಲ್ಲ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ನನ್ನ ಕೈ ನೋಡಿದರು. ಬೆರಳ ತುದಿ ಕೆಂಪಗಿತ್ತು. ನನ್ನ ಮುಖ ನೋಡಲಿಲ್ಲ.

“ಬೆರಳು ತೊಳಕೊಂಡು ಬರ್ರಿ,” ಅಂದರು.

ಅಷ್ಟೇ. ನಾನು ನಲ್ಲಿಯ ಕೆಳಗೆ ಎಷ್ಟು ಹೊತ್ತು ಉಜ್ಜಿದೆನೋ. ಬಣ್ಣ ಹೋದ ಮೇಲೂ ಉಜ್ಜುತ್ತಿದ್ದೆ.

ಬ್ಯಾಕಪ್ಪಿನಲ್ಲಿ ಗುರುವಾರದವರೆಗಿನದು ಸುರಕ್ಷಿತವಾಗಿತ್ತು. ಶುಕ್ರವಾರ, ಶನಿವಾರ ಏರಿಸಿದ್ದು ಮಾತ್ರ ಗಾಯವಾದ ಪ್ಯಾಕಿನ ಮೇಲೆ. ರಿಸಲ್ಟಿಗೆ ಒಂಬತ್ತು ದಿನ. ಮ್ಯಾನೇಜರು ಕೂಗಾಡಿದರು, ಮೊದಲು ಮಕ್ಕಳ ರೆಕಾರ್ಡ್ ಹೊರಗೆ ಬರಲಿ, ಆಮೇಲೆ ಯಾರ ತಲೆ ಹೋಗಬೇಕು ನೋಡೋಣ ಅಂದರು. ಕಂಪನಿಯ ಎಂಜಿನಿಯರ್ ಬಂದು ಡ್ರೈವುಗಳನ್ನು ಬಿಚ್ಚಿದಾಗ ಫಿಲ್ಟರಿನಲ್ಲಿ ಕೆಂಪು ಪುಡಿ ಸಿಕ್ಕಿತು. ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮ್ಯಾನೇಜರ ಟೇಬಲ್ಲಿನ ಮೇಲಿಟ್ಟ. ಆ ಒಂಬತ್ತು ದಿನವೂ ಅದು ಅಲ್ಲೇ ಇತ್ತು, ಪೇಪರ್‌ವೇಟಿನ ಪಕ್ಕದಲ್ಲಿ. ನಾನು ಸಹಿಗೆ ಹೋದಾಗಲೆಲ್ಲ ಅದು ನನ್ನನ್ನೇ ನೋಡುತ್ತಿತ್ತು.

ಚೀಫ್ ಅವತ್ತಿನಿಂದ ಶುರುಮಾಡಿದರು. ಪ್ಯಾಕಿನ ಒಂದೊಂದು ತಾಟನ್ನೂ ಸ್ಪಿರಿಟ್ಟಿನಲ್ಲಿ ಅದ್ದಿದ ನೂಲುಬಿಡದ ಬಟ್ಟೆಯಿಂದ ಒರೆಸಿದರು, ಹಸುಗೂಸಿನ ಮೈ ಒರೆಸುವ ಹಾಗೆ. ಗೀಚಿಹೋಗಿದ್ದು ಒಂದೇ ತಾಟಿನ ಒಂದು ಮೈ. ಮೂರನೆಯ ಡ್ರೈವಿನಲ್ಲಿ ಆ ಮೈಗೆ ಬರುವ ಹೆಡ್ಡನ್ನು ಎಂಜಿನಿಯರ್ ಕಳಚಿಟ್ಟ. ಉಳಿದ ಮೈಗಳನ್ನು ಚೀಫ್ ಟ್ರ್ಯಾಕ್ ಟ್ರ್ಯಾಕಾಗಿ ಓದಿಸಿದರು. ಓದಲಾಗದ ಕಡೆ ಮಷೀನು ನಿಲ್ಲುತ್ತಿತ್ತು. ಅವರು ಮತ್ತೆ ಓದಿಸುತ್ತಿದ್ದರು, ಹತ್ತು ಸಲ, ಇಪ್ಪತ್ತು ಸಲ. ಬರಲಿಲ್ಲವೆಂದರೆ ದಾಟಿ ಮುಂದಕ್ಕೆ. ಅರ್ಧಂಬರ್ಧ ಬಂದದ್ದನ್ನು ಕಾಗದದ ಮೇಲೆ ಮಷೀನಿನ ಸಂಕೇತದಲ್ಲೇ ಅಚ್ಚು ಮಾಡಿಸಿ ಕೆಂಪು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಆ ಸಂಕೇತದಲ್ಲಿ ಪ್ರತಿ ಅಂಕಿಯೂ ಎಫ್ ಅನ್ನುವ ಟೋಪಿ ಹಾಕಿಕೊಂಡೇ ಬರುತ್ತದೆ. ಎಫ್ ಏಳು, ಎಫ್ ಎರಡು ಅಂದರೆ ಎಪ್ಪತ್ತೆರಡು. ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು ನನ್ನ ಕೆಲಸ. ಸೀಲಿಂಗಿನ ಎಸಿ ಸದ್ದು ಬದಲಾದರೂ ನಾನು ಬೆಚ್ಚುತ್ತಿದ್ದೆ. ಮೂರನೆಯ ಡ್ರೈವಿಗೂ ಆ ಸದ್ದು ಬಂದರೆ ಮುಗಿಯಿತು… ಅವರೂ ಕಿವಿಗೊಟ್ಟೇ ಇರುತ್ತಿದ್ದರು. ಪೆನ್ಸಿಲ್ ಕಾಗದದಿಂದ ಒಂದಿಷ್ಟು ಮೇಲೆ ನಿಂತುಬಿಡುತ್ತಿತ್ತು.

ಕುಂಕುಮದ ಮಾತನ್ನು ಅವರು ಎತ್ತಲೇ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾಲ್ಕನೆಯ ದಿನಕ್ಕೆ ಬಹುತೇಕ ಬಂದಿತ್ತು. ಮೂವತ್ತು ಚಿಲ್ಲರೆ ಮಕ್ಕಳದು ಮಾತ್ರ ತೂತು ತೂತು. ಅದರಲ್ಲಿ ಸವಣೂರಿನ ಒಬ್ಬ ಹುಡುಗಿಯದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಎಲ್ಲಾ ಸಬ್ಜೆಕ್ಟುಗಳೂ ಬಂದಿದ್ದವು, ಎಲ್ಲದರಲ್ಲೂ ಪಾಸು. ಗಣಿತ ಒಂದರಲ್ಲಿ ಮಾತ್ರ ಎಫ್ ಮೂರು, ಅದರ ಮುಂದೆ ಖಾಲಿ. ಮೂವತ್ತು ಎಷ್ಟೋ. ಮೂವತ್ತೈದಕ್ಕೆ ಪಾಸು.

ನಾನು ಮೆಲ್ಲಗೆ ಅಂದೆ, “ಐದು ಅಂತ ಹಾಕೋಣೇನ್ರೀ ಸರ್? ಯಾರಿಗೆ ತಿಳೀತದ?”

ಅವರು ಪೆನ್ಸಿಲ್ ಕೆಳಗಿಟ್ಟರು. “ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಬರೀಬಾರದ್ರಿ ಬಾಯಾರ. ಕನಿಕರ ಬಂತಂತ ಒಂದ್ ಅಂಕಿ ಬರದ್ವಿ ಅಂದ್ರ, ಉಳದ ಅಂಕಿ ಯಾರು ನಂಬ್ತಾರ?”

ಪೇಪರ್ ತಿದ್ದಿದ ಕ್ಯಾಂಪುಗಳು ತಾಲೂಕಿನ ಊರುಗಳಲ್ಲೇ ಇದ್ದವು. ಅಲ್ಲಿನ ಸಾಲೆಗಳಲ್ಲಿ ಕೈಬರಹದ ಒಂದು ರಿಜಿಸ್ಟರ್ ಇರುತ್ತದೆ, ಇದ್ದರೆ. ಮ್ಯಾನೇಜರರನ್ನು ಒಪ್ಪಿಸಿ ಚೀಫ್ ಹೊರಟರು. ಕಾಪಿ ಮಾಡಿದ್ದಕ್ಕೆ ಎರಡನೆಯ ಸಹಿ ಬೇಕೆಂದು ನನ್ನನ್ನೂ ಕಳಿಸಿದರು. ಮೊದಲ ದಿನ ಶಿಗ್ಗಾಂವಿ, ಸವಣೂರು. ಸವಣೂರಿನ ಹೆಡ್‌ಮಾಸ್ತರರು ಎಲೆಗೆ ಸುಣ್ಣ ಸವರುತ್ತ ಸಾವಕಾಶವಾಗಿ ರಿಜಿಸ್ಟರ್ ತೆಗೆದರು. ಆ ಹುಡುಗಿಯ ಸಾಲಿನ ಮೇಲೆ ಚೀಫ್ ಬೆರಳಿಟ್ಟರು. ಗಣಿತ, ಮೂವತ್ಮೂರು.

ಎರಡು ಮಾರ್ಕ್ಸಿಗೆ ಏನು ಆಕಾಶ ಕಳಚಿ ಬೀಳ್ತದ, ಬಡವರ ಹುಡುಗಿ, ಹಾಕಿಬಿಡ್ರಿ ಅಂತ ಹೆಡ್‌ಮಾಸ್ತರರೇ ಅಂದರು. ಚೀಫ್ ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಮೂವತ್ಮೂರು ಅಂತಲೇ ಬರೆದು ಕೆಳಗೆ ಸಹಿ ಮಾಡಿದರು. ಅಕ್ಟೋಬರಕ್ಕ ಕಟ್ಟಸ್ರಿ ಸರ, ನೀವs ಮನೀಗೆ ಹೋಗಿ ಹೇಳ್ರಿ, ಬಿಡಬ್ಯಾಡ್ರಿ ಅಂತ ಹೆಡ್‌ಮಾಸ್ತರರಿಗೆ ಹೇಳಿದರು. ವಾಪಸ್ ಬರುವಾಗ ಬಸ್ಸು ಬಂಕಾಪುರದಲ್ಲಿ ನಿಂತಿತು. ಕೋಟೆಯ ಕಡೆಯಿಂದ ನವಿಲು ಕೂಗಿತು. ಅದೇ ಸದ್ದು ಅಂತ ಬೆಚ್ಚಿ ನಾನು ಕಿವಿ ಮುಚ್ಚಿಕೊಂಡೆ.

ಮರುದಿನ ಹಾನಗಲ್. ಸಾಲೆಯ ಕೆಲಸ ಮುಗಿದ ಮೇಲೆ ಊರಿಗೆ ಬಂದೂ ಮನೆಗೆ ಹೋಗದ್ದು ಅವ್ವನಿಗೆ ತಿಳಿದರೆ ಕಷ್ಟ ಅಂತ ಅವರನ್ನು ಕರೆದುಕೊಂಡು ಹೋದೆ. ಅವ್ವ ಬಾಗಿಲಿಗೆ ಬಂದಳು. ನನ್ನನ್ನು ಒಳಗೆ ಕರೆದು, ಯಾವ ಪೈಕಿ ಅವರು ಅಂತ ಕೇಳಿದಳು. ಹೇಳಿದೆ.

“ಕಟ್ಟಿ ಮ್ಯಾಲೆ ಕೂತಾರಲ್ಲ, ಅಲ್ಲೇ ಇರ್ಲಿ. ಚಹಾ ಅಲ್ಲೇ ಕೊಡೋಣಂತ.”

ಚಹಾ ಬಂದದ್ದು ಹಿತ್ತಲಿನ ಗೂಡಿನಲ್ಲಿಡುತ್ತಿದ್ದ ಬೇರೆ ಕಪ್ಪಿನಲ್ಲಿ. ನಾನೇ ತಂದುಕೊಟ್ಟೆ. ಅವರು ಕಪ್ಪು ನೋಡಿದರು, ಹೊಸಿಲು ನೋಡಿದರು, ನಕ್ಕರು.

“ನಿಮ್ಮ ಮನೀನೂ ನಮ್ಮ ಮಷೀನ್ ರೂಮ್ ಇದ್ದಂಗ ಐತಲ್ರಿ ಬಾಯಾರ. ಹೊರಗಿನ ಧೂಳು ಒಳಗ ಬರಂಗಿಲ್ಲ.”

ನಾನೂ ನಕ್ಕೆ. ಆ ನಗು ಈಗ ನೆನಪಾದರೆ… ಇರಲಿ. ಅವರು ಚಹಾ ಕುಡಿದು ಕಪ್ಪನ್ನು ತಾವೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದರು.

ಹಿರೇಕೆರೂರಿನ ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿದರು. ಕೆಲಸ ಹೋದರೆ ಏನು ಮಾಡುತ್ತೀರಿ ಅಂತ. ನಾನು ಬಸ್ಸು ಬಿಟ್ಟುಬಂದ ಊರಿನ ಕಡೆ ಕೈ ತೋರಿಸಿ, ಅಲ್ಲೇ ಸರ್, ಮತ್ತ ಹೊರಗ ಬಿಡೂದಿಲ್ಲ ಅಂದೆ. ಅವರು ತಲೆಯಾಡಿಸಿ ಕಿಟಕಿಯ ಆಚೆ ನೋಡುತ್ತ ಕೂತರು. ಹಿರೇಕೆರೂರಿನಿಂದ ಮಾಸೂರು ಹತ್ತಿರ. ನಮ್ಮ ಮನೆಗೆ ಬರುತ್ತೀರಾ ಅಂತ ಅವರು ಕೇಳಲಿಲ್ಲ.

ರಿಸಲ್ಟ್ ದಿನಕ್ಕೆ ಸರಿಯಾಗಿ ಬಂತು. ಒಂದು ಮಗುವಿನ ಮುಂದೆಯೂ ಸುಳ್ಳು ಗೈರುಹಾಜರಿ ಬೀಳಲಿಲ್ಲ. ಮರುದಿನ ಮ್ಯಾನೇಜರು ನಮ್ಮನ್ನೆಲ್ಲ ಕರೆಸಿದರು. ಟೇಬಲ್ಲಿನ ಮೇಲೆ ಆ ಕೆಂಪು ಚೀಲ. ಇದನ್ನು ಒಳಗೆ ತಂದವರು ಯಾರು ಅಂತ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನನ್ನ ಸರದಿಗೆ ಇನ್ನು ಇಬ್ಬರಿದ್ದರು. ಕರಡಿಗೆ ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು. ಬಿಸಾಡಲು ಧೈರ್ಯವಾಗಿರಲಿಲ್ಲ, ದೇವರ ಕುಂಕುಮ ನೋಡಿ.

“ನಾನs ರೀ,” ಅಂದರು ಚೀಫ್.

ಮ್ಯಾನೇಜರಿಗೆ ನಂಬಿಕೆ ಬರಲಿಲ್ಲ. ನೀವು? ಕುಂಕುಮ? ಅಂದರು.

“ಹುಟ್ಟಿದಾಗಿಂದ ಮಾಡಿದ್ದಿಲ್ಲರಿ. ಒಂದ್ ಸಲ ಮಾಡಿ ನೋಡೋಣಂತ ಮಾಡಿದೆ.”

ಗುಮಾಸ್ತರು ಕಿಸಕ್ಕನೆ ನಕ್ಕರು. ಲಾಗ್ ಬುಕ್ಕಿನಲ್ಲಿ ಚೀಫ್ ತಾವೇ ಬರೆದರು: ಸೋಮವಾರ ಬೆಳಿಗ್ಗೆ ಡ್ರೈವಿಗೆ ಪೂಜೆ ಮಾಡಿದ್ದು ನಾನು, ಬ್ಯಾಕಪ್ ತಪ್ಪಿದ್ದು ನನ್ನ ಜವಾಬ್ದಾರಿ. ಕೆಳಗೆ ಸಹಿ. ಸವಣೂರಿನ ಕಾಪಿಯ ಕೆಳಗೆ ಮಾಡಿದಂಥದೇ ಸಹಿ, ಅಷ್ಟೇ ನೆಟ್ಟಗೆ. ಒಂದು ಮಗುವಿಗಾಗಿ ಎರಡು ಅಂಕ ಸುಳ್ಳು ಬರೆಯದ ಮನುಷ್ಯ ನನಗಾಗಿ ಎರಡು ಸಾಲು ಸುಳ್ಳು ಬರೆದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕನ್ಫೆಷನ್ ಅಂದರೆ ಪಾದ್ರಿಯೆದುರು ತಪ್ಪು ಒಪ್ಪಿಕೊಳ್ಳುವುದು ಅಂತ ಕಲಿಸಿದ್ದರು, ಆದರೆ ಹಿಂದೂ ಹುಡುಗಿಯರು ಹೊರಗೆ ಬೆಂಚಿನ ಮೇಲೆ ಕೂರಬೇಕಿತ್ತು. ನಾನು ಜೀವನವಿಡೀ ಆ ಬೆಂಚಿನ ಮೇಲೇ ಕೂತುಬಿಟ್ಟೆ ಅನ್ನಿಸುತ್ತದೆ. ಲಾಗ್ ಬುಕ್ಕಿನಲ್ಲಿರುವುದು ಸುಳ್ಳು. ಕುಂಕುಮ ಇಟ್ಟವಳು ನಾನು.

ಹೋದ ವರ್ಷ ಒಂದು ಮದುವೆಗೆ ಹಿರೇಕೆರೂರಿಗೆ ಹೋದಾಗ ಆಟೋ ಮಾಡಿಕೊಂಡು ಮಾಸೂರಿನ ಕಡೆ ಹೋಗಿ ವಿಚಾರಿಸಿದೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಣ್ಣನ ಸೊಸೆಯಂತೆ, ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ನಾನು ಯಾರು, ಯಾವ ಪೈಕಿ, ಒಂದೂ ಕೇಳಲಿಲ್ಲ. “ಒಳಗ ಬರ್ರಿ ಅಮ್ಮಾರ, ಬಿಸಲಾಗ ಯಾಕ ನಿಂತ್ರಿ,” ಅಂದಳು. ಒಳಗೆ ಹೋಗಿ ಚಹಾ ಕುಡಿದೆ. ಹೇಳಬೇಕಾದ ಮಾತು ಹೇಳದೆ ಎದ್ದು ಬಂದೆ. ಕೇಳಬೇಕಾದವರೇ ಇರಲಿಲ್ಲ.

ಚೀಫ್ ಅವರನ್ನು ಕೊನೆಯ ಸಲ ನೋಡಿದ್ದು ಆ ವಿಚಾರಣೆ ಮುಗಿದ ಮೇಲಿನ ಸೋಮವಾರ. ಅವರನ್ನು ಕಾಗದದ ಗೋಡೌನಿಗೆ ಹಾಕಿದ್ದರು. ಅಲ್ಲಿಗೆ ಅವರು ಹೋಗಲೇ ಇಲ್ಲ, ರಾಜೀನಾಮೆ ಕೊಟ್ಟರು. ಮಷೀನ್ ರೂಮಿನ ಬೀಗದಕೈ ನನ್ನ ಕೈಗೆ ಬಂದಿತ್ತು. ನಾನು ಮೂರನೆಯ ಡ್ರೈವಿನ ಮುಚ್ಚಳ ತೆಗೆದು ನಿಂತಿದ್ದೆ. ಗಾಜಿನ ಬಾಗಿಲ ಮೇಲೆ ಟಕಟಕ ಸದ್ದಾಯಿತು. ತಿರುಗಿ ನೋಡಿದರೆ ಚೀಫ್, ಹೊರಗಿನ ಚಪ್ಪಲಿಯಲ್ಲಿ, ಹೊಸಿಲಿನ ಆಚೆ. ಬಂದು ಏನಾದರೂ ಅನ್ನುತ್ತಾರೆ ಅಂತ ಹೆದರಿ ನಿಂತೆ. ಅವರು ಒಳಗೆ ಬರಲಿಲ್ಲ. ಒಂದು ಬೆರಳಿನಿಂದ ತಮ್ಮ ತಲೆಯ ಹಿಂಬದಿಯನ್ನು ಮುಟ್ಟಿ ತೋರಿಸಿದರು.

ನನ್ನ ಕೈ ಜಡೆಗೆ ಹೋಯಿತು. ಬೆಳಿಗ್ಗೆ ಮುಡಿದ ಅಬ್ಬಲಿಗೆ, ತೆಗೆಯುವುದನ್ನೇ ಮರೆತಿದ್ದೆ. ಮುಚ್ಚಳ ಮೆಲ್ಲಗೆ ಮುಚ್ಚಿ, ಹೂವು ಬಿಚ್ಚಿ, ಒಂದು ಎಸಳೂ ಉದುರದ ಹಾಗೆ ಮುಷ್ಟಿಯಲ್ಲಿ ಹಿಡಿದು ತಲೆ ಎತ್ತಿದೆ. ಗಾಜಿನ ಆಚೆ ಕಾರಿಡಾರು ಖಾಲಿಯಾಗಿತ್ತು.